ಅಕ್ಷರದ ಹೆಸರು, ಅಕ್ಷರದ ಧ್ವನಿ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಹುಣಸಗಿಯಲ್ಲಿ ಸೇರಿದ್ದ ತಾಯಿತಂದೆಯರ ಹಾಗೂ ಧರ್ಮೋಪದೇಶಕರ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅದನ್ನು ಕಟ್ಟಿದವರನ್ನೂ, ಕಲ್ಲು ಹೊತ್ತವರನ್ನೂ, ಕಾಣಿಕೆ ಕೊಟ್ಟವರನ್ನೂ ನೆನೆಯುವುದು ಸಹಜ. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಉತ್ಸವದ ದಿನಗಳಲ್ಲಿ ಮಾಡುತ್ತಿದ್ದಾರೆ. ನನಗೆ ಒಪ್ಪಿಸಿರುವ ವಿಷಯ ‘ಮಕ್ಕಳ ವಿದ್ಯಾಭ್ಯಾಸ’. ಅದು ಸಮುದ್ರದಂಥ ವಿಷಯ. ಅರ್ಧ ಗಂಟೆಯಲ್ಲಿ ಅದನ್ನು ಈಜುವ ಸಾಹಸಕ್ಕೆ ನಾನು ಇಳಿಯುವುದಿಲ್ಲ. ಅದರ ದಡದಲ್ಲಿರುವ ಒಂದು ಚಿಕ್ಕ ಕಲ್ಲನ್ನು ಮಾತ್ರ ಕೈಗೆತ್ತಿಕೊಳ್ಳುತ್ತೇನೆ. ಮಗುವಿನ ಮುಂದೆ ಪಾಟಿಯನ್ನಿಟ್ಟು, ಬಳಪದಿಂದ ಒಂದು ಅಕ್ಷರವನ್ನು ಬರೆದು, ‘ಇದು ಇಂಥದು’ ಎಂದು ನಾವು ಮೊಟ್ಟಮೊದಲ ಬಾರಿಗೆ ಹೇಳುವಾಗ ಏನನ್ನು ಹೇಳುತ್ತೇವೆ? ಅಕ್ಷರದ ಹೆಸರನ್ನೋ, ಅದರ ಧ್ವನಿಯನ್ನೋ? ಇದೇನು ದೊಡ್ಡ ಪ್ರಶ್ನೆ ಎಂದು ನಿಮಗೆ ತೋರಬಹುದು. ನನಗೂ ಒಂದು ಕಾಲಕ್ಕೆ ಹಾಗೆಯೇ ತೋರಿತ್ತು.

ಪಾಪನಿವೇದನೆಯ ಪೀಠದಲ್ಲಿ ಕುಳಿತು ಇತರರ ತಪ್ಪುಗಳನ್ನು ಕೇಳುವವನು ಒಮ್ಮೊಮ್ಮೆ ತನ್ನದನ್ನೂ ಹೇಳಿಕೊಳ್ಳುವುದು ನ್ಯಾಯ. ಆದುದರಿಂದ ನನ್ನದೊಂದು ತಪ್ಪಿನಿಂದಲೇ ಆರಂಭಿಸುತ್ತೇನೆ.

ಹಲವು ವರ್ಷಗಳ ಹಿಂದಿನ ಮಾತು. ನಾನಾಗ ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಅಲ್ಲಿ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನಿದ್ದ. ತಾಯಿತಂದೆಯರು ವರ್ಷಕ್ಕೆ ಆರು ತಿಂಗಳು ಬೆಂಗಳೂರಿನ ಕಡೆಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವವರು. ಹುಡುಗ ಅಜ್ಜಿಯ ಬಳಿ ಬೆಳೆಯುತ್ತಿದ್ದ. ಅವನ ಕಂಠ ಗಂಟೆಯಂತೆ ಸ್ವಚ್ಛವಾಗಿತ್ತು. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ಪ್ರವಾದಿ ಯೆಶಾಯನ ವಾಚನವನ್ನು ಅವನಿಂದಲೇ ಓದಿಸಬೇಕೆಂದು ನಿಶ್ಚಯಿಸಿ, ಎರಡು ವಾರ ಅವನಿಗೆ ಅಭ್ಯಾಸ ಮಾಡಿಸಿದೆ. ಅವನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಒಂದಕ್ಷರವೂ ತಪ್ಪದೆ ಒಪ್ಪಿಸುತ್ತಿದ್ದ.

ಆ ರಾತ್ರಿ ಅವನು ಪೀಠದ ಮುಂದೆ ನಿಂತು ಓದಿದ. ಸಭೆಯೆಲ್ಲವೂ ತಲೆದೂಗಿತು. ಅವನ ಪಕ್ಕದಲ್ಲಿ ನಿಂತಿದ್ದ ನನ್ನ ಕಣ್ಣು ಮಾತ್ರ ಗ್ರಂಥದ ಮೇಲೆ ಬಿತ್ತು. ತೆರೆದಿದ್ದುದು ಆ ರಾತ್ರಿಯ ಪುಟವಲ್ಲ. ಮುಂಜಾನೆಯ ಪೂಜೆಯ ಪುಟ. ಯಾರೋ ರಿಬ್ಬನ್ನನ್ನು ತಪ್ಪು ಪುಟದಲ್ಲಿ ಇಟ್ಟಿದ್ದರು. ಹುಡುಗನ ಬೆರಳು ಒಂದು ವಾಚನದ ಸಾಲುಗಳ ಕೆಳಗೆ ಚಲಿಸುತ್ತಿತ್ತು, ಬಾಯಿ ಮತ್ತೊಂದು ವಾಚನವನ್ನು ನುಡಿಯುತ್ತಿತ್ತು.

ಪೂಜೆ ಮುಗಿದ ಮೇಲೆ ಅವನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದೆ. ಅವನು ಅತ್ತುಬಿಟ್ಟ. “ನನಗ ಓದಾಕ ಬರಂಗಿಲ್ರಿ ಫಾದರ್. ಅಕ್ಷರದ ಹೆಸರ ಎಲ್ಲಾ ಬರ್ತಾವ್ರಿ,” ಎಂದ. ನಾನು ಒಂದು ಚೀಟಿಯಲ್ಲಿ ‘ಕಿವಿ’ ಎಂದು ಬರೆದು ತೋರಿಸಿದೆ. ಅವನು ತಡವರಿಸದೆ ಹೇಳಿದ: “ಕ ಗುಡಿಸು, ವ ಗುಡಿಸು.” ಸರಿ, ಎರಡೂ ಕೂಡಿದರೆ ಏನಾಯಿತು ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ತನ್ನ ತಲೆಯ ಎರಡು ಪಕ್ಕಗಳಲ್ಲಿರುವ ವಸ್ತುವಿನ ಹೆಸರೇ ಆ ಚೀಟಿಯಲ್ಲಿದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಇದರಲ್ಲಿ ನನ್ನ ತಪ್ಪೇನೆಂದು ನೀವು ಕೇಳಬಹುದು. ಅದಕ್ಕೆ ಹಿಂದಿನ ವರ್ಷ ಧರ್ಮೋಪದೇಶದ ತರಗತಿಯಲ್ಲಿ ಕಾಗುಣಿತವನ್ನು ಉಸಿರು ಕಟ್ಟಿ ಒಪ್ಪಿಸಿದ್ದಕ್ಕೆ ಇದೇ ಹುಡುಗನಿಗೆ ಬಹುಮಾನ ಕೊಟ್ಟವನು ನಾನೇ. ಓದು ಬಾರದ ಮಗುವಿಗೆ ‘ನೀನು ಓದಬಲ್ಲೆ’ ಎಂಬ ಪ್ರಶಸ್ತಿಪತ್ರವನ್ನು ನನ್ನ ಕೈಯಿಂದಲೇ ಬರೆದುಕೊಟ್ಟಂತಾಗಿತ್ತು.

ಈಗ ವಿಷಯಕ್ಕೆ ಬರೋಣ.

ಲೋಕದ ಲಿಪಿಗಳಲ್ಲಿ ಹಲವಕ್ಕೆ ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. ನಮ್ಮ ಪ್ರಭುವಿನ ಜನರ ಹೀಬ್ರೂ ಲಿಪಿಯಲ್ಲಿ ಮೊದಲ ಅಕ್ಷರದ ಹೆಸರು ‘ಆಲೆಫ್’, ಎಂದರೆ ಎತ್ತು. ಎರಡನೆಯದು ‘ಬೇತ್’, ಎಂದರೆ ಮನೆ. ‘ಬೆತ್ಲೆಹೇಮ್’ ಎಂಬ ಊರಿನ ಹೆಸರಿನಲ್ಲಿರುವುದು ಅದೇ ಮನೆ; ರೊಟ್ಟಿಯ ಮನೆ ಎಂದು ಅದರ ಅರ್ಥ. 119ನೆಯ ಕೀರ್ತನೆಯು ಈ 22 ಅಕ್ಷರಗಳ ಕ್ರಮದಲ್ಲಿಯೇ, ಅಕ್ಷರಕ್ಕೆ ಎಂಟರಂತೆ, 176 ಚರಣಗಳಾಗಿ ರಚಿತವಾಗಿದೆ. ಈ ಕುಲದ ಲಿಪಿಯನ್ನು ಗ್ರೀಕರು ತೆಗೆದುಕೊಂಡಾಗ ಹೆಸರುಗಳು ‘ಆಲ್ಫಾ’, ‘ಬೀಟಾ’ ಎಂದಾದವು. ಗ್ರೀಕರ ಪಾಲಿಗೆ ಅವುಗಳಲ್ಲಿ ಎತ್ತೂ ಇರಲಿಲ್ಲ, ಮನೆಯೂ ಇರಲಿಲ್ಲ, ಹೆಸರು ಮಾತ್ರ ಉಳಿದಿತ್ತು. ಅದೇ ಮನೆತನದ ಇನ್ನೊಂದು ಕವಲು ಅರಬ್ಬೀ, ಫಾರಸಿಗಳ ಮೂಲಕ ನಮ್ಮ ಈ ಹುಣಸಗಿಯವರೆಗೂ ಬಂದಿತ್ತು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು; ಸರಕಾರದ ಭಾಷೆ ಉರ್ದು. ಆ ಕಾಲದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ನಮ್ಮ ಹಿರಿಯರು ಮನೆಯಲ್ಲಿ ಕನ್ನಡವಾಡುತ್ತ ಅಲ್ಲಿ ‘ಅಲಿಫ್, ಬೇ’ ಎಂದು ಕಲಿತವರು. ಅಂದಿನ ‘ಅಲಿಫ್’ ಎಂಬುದು ಕೀರ್ತನೆಯ ‘ಆಲೆಫ್’ನ ದಾಯಾದಿಯೇ.

ಇಂಗ್ಲಿಷಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ‘ಎಚ್’ ಎಂಬ ಹೆಸರಿನಲ್ಲಿ ‘ಹ’ಕಾರದ ಸುಳಿವಿಲ್ಲ, ‘ಡಬ್ಲ್ಯು’ ಎಂಬ ಹೆಸರಿನಲ್ಲಿ ‘ವ’ಕಾರದ ಸುಳಿವಿಲ್ಲ. ‘ಸಿ, ಎ, ಟಿ’ ಎಂಬ ಮೂರು ಹೆಸರುಗಳನ್ನು ಎಷ್ಟು ವೇಗವಾಗಿ ಕೂಡಿಸಿ ಹೇಳಿದರೂ ‘ಕ್ಯಾಟ್’ ಆಗದು, ‘ಸಿಯೇಟಿ’ ಆದೀತು. ಆದಕಾರಣ ಆ ದೇಶದವರೇ ಮಕ್ಕಳಿಗೆ ಮೊದಲು ಹೆಸರನ್ನು ಕಲಿಸಬೇಕೋ ಧ್ವನಿಯನ್ನೋ ಎಂದು ಬಹುಕಾಲ ವಾದಿಸಿದರು. 2006ರಲ್ಲಿ ಜಿಮ್ ರೋಸ್ ಎಂಬುವರು ಇಂಗ್ಲೆಂಡಿನ ಸರಕಾರಕ್ಕೆ ಸಲ್ಲಿಸಿದ ವರದಿಯ ತರುವಾಯ ಅಲ್ಲಿನ ಶಾಲೆಗಳು ಧ್ವನಿಯಿಂದ ಆರಂಭಿಸುವ ಕ್ರಮವನ್ನು ವಿಶೇಷವಾಗಿ ಅವಲಂಬಿಸಿದವು. 2012ರಿಂದ ಅಲ್ಲಿ ಎಳೆಯ ಮಕ್ಕಳಿಗೆ ಅಕ್ಷರಧ್ವನಿಗಳ ಒಂದು ಪರೀಕ್ಷೆಯೂ ನಡೆಯುತ್ತಿದೆ.

ಈ ದೃಷ್ಟಿಯಿಂದ ಕನ್ನಡದ ಮಗು ಭಾಗ್ಯಶಾಲಿ. ನಮ್ಮಲ್ಲಿ ‘ಕ’ ಎಂಬ ಅಕ್ಷರದ ಹೆಸರೂ ‘ಕ’, ಧ್ವನಿಯೂ ‘ಕ’. ‘ಕ, ಮ, ಲ’ ಎಂದು ಮೂರು ಹೆಸರುಗಳನ್ನು ಒಂದರ ಹಿಂದೊಂದು ಹೇಳಿದರೆ ‘ಕಮಲ’ ತಾನಾಗಿಯೇ ಅರಳುತ್ತದೆ. ಹಾಗಿದ್ದ ಮೇಲೆ ನನ್ನ ಹುಡುಗನು ಎಡವಿದ್ದು ಎಲ್ಲಿ?

ಅವನು ಎಡವಿದ್ದು ಗುಣಿತದಲ್ಲಿ. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವ, ಓತ್ವ, ಔತ್ವ, ಸೊನ್ನೆ, ಅರ್ಕಾವತ್ತು: ಇವು ನಮ್ಮ ಹಿರಿಯರು ಇಟ್ಟ ಸೊಗಸಾದ ಹೆಸರುಗಳು. ‘ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು’ ಎಂದು ಅಂಕಲಿಪಿಯನ್ನು ಹಿಡಿದು ರಾಗವಾಗಿ ಒಪ್ಪಿಸಿದ ನೆನಪು ಇಲ್ಲಿ ಕುಳಿತಿರುವ ಎಷ್ಟೋ ಮಂದಿಗೆ ಇದೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ‘ಇಳಿ’, ‘ಕೊಂಬು’, ‘ಗುಡಿಸು’ ಎಂಬವು ಧ್ವನಿಯ ಹೆಸರುಗಳಲ್ಲ. ಬರಹದಲ್ಲಿ ಕಾಣುವ ಗುರುತಿನ ಹೆಸರುಗಳು. ಅವು ಕಣ್ಣಿಗೂ ಕೈಗೂ ಸೇರಿದವು. ‘ಕೊಂಬು’ ಎಂದಾಗ ಬಾಯಿಂದ ‘ಉ’ ಎಂಬ ಧ್ವನಿ ಹೊರಡಬೇಕೆಂದು ಆ ಹೆಸರು ಹೇಳುವುದಿಲ್ಲ. ಏತ್ವ, ಐತ್ವ, ಓತ್ವ, ಔತ್ವಗಳಲ್ಲಿ ಧ್ವನಿಯ ಅಲ್ಪ ಸುಳಿವಿದೆ. ಉಳಿದವುಗಳಲ್ಲಿ ಅದೂ ಇಲ್ಲ.

ಸೊನ್ನೆಯನ್ನೇ ನೋಡಿ. ಹೆಸರು ಒಂದು, ಆಕಾರ ಒಂದು. ಆದರೆ ‘ಅಂಗಳ’, ‘ಅಂಚೆ’, ‘ಗಂಟೆ’, ‘ತಂದೆ’, ‘ತುಂಬು’ ಎಂದು ನಿಧಾನವಾಗಿ ಉಚ್ಚರಿಸಿರಿ. ಐದು ಕಡೆಗಳಲ್ಲಿಯೂ ನಾಲಗೆ ಬೇರೆ ಬೇರೆ ಸ್ಥಾನಕ್ಕೆ ಹೋಗುತ್ತದೆ. ಕೊನೆಯದರಲ್ಲಿ ತುಟಿಗಳೇ ಮುಚ್ಚಿಕೊಳ್ಳುತ್ತವೆ. ‘ಸೊನ್ನೆ’ ಎಂಬ ಹೆಸರನ್ನು ಸಾವಿರ ಸಲ ಬಾಯಿಪಾಠ ಮಾಡಿದರೂ ಈ ಭೇದ ತಿಳಿಯದು. ಮಾತನ್ನು ಕೇಳಿ ಬೆಳೆದ ಕಿವಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಆಳವಾದ ತೊಡಕಿದೆ. ‘ಕ’ ಎಂಬುದು ಒಂದೇ ಅಕ್ಷರವಾಗಿ ಕಂಡರೂ ಅದರಲ್ಲಿ ಎರಡು ಧ್ವನಿಗಳಿವೆ: ‘ಕ್’ ಮತ್ತು ‘ಅ’. ಗುಡಿಸು ಕೊಟ್ಟಾಗ ‘ಅ’ ಹೊರಟುಹೋಗಿ ‘ಇ’ ಬಂದು ಕೂರುತ್ತದೆ. ‘ಕ’ಕ್ಕೆ ಏನನ್ನೋ ಅಂಟಿಸಿದೆವೆಂದು ಮಗು ತಿಳಿಯುತ್ತದೆ, ನಿಜವಾಗಿ ಒಂದು ಉಸಿರು ಹೋಗಿ ಮತ್ತೊಂದು ಉಸಿರು ಬಂದಿದೆ. ಹದಿಮೂರನೆಯ ಶತಮಾನದ ನಮ್ಮ ವೈಯಾಕರಣ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ದೇಹವನ್ನು ವಾದ್ಯಕ್ಕೂ, ನಾಲಗೆಯನ್ನು ಅದನ್ನು ನುಡಿಸುವ ಕೋಲಿಗೂ ಹೋಲಿಸಿ, ನುಡಿಸುವವನು ಆತ್ಮನೆಂದು ಹೇಳಿದ್ದಾನೆ. ಕನ್ನಡಕ್ಕೆ ನಿಘಂಟನ್ನು ಕೊಟ್ಟ ಕಿಟೆಲ್ ಪಾದ್ರಿಯವರು ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಅಕ್ಷರವೆಂದರೆ ಮೊದಲು ಒಳಗಿನಿಂದ ಹೊರಡುವ ನಾದ. ಪಾಟಿಯ ಮೇಲಿನ ಗೆರೆ ಅದರ ತರುವಾಯದ್ದು ಎಂಬುದನ್ನು ನಮ್ಮವರು ಏಳು ನೂರು ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು.

ನಮ್ಮ ಊರಿನ ನೆಲವೂ ಇದನ್ನೇ ಹೇಳುತ್ತದೆ. ಹುಣಸಗಿ, ಬೈಚಬಾಳ, ಇಸಾಂಪುರಗಳ ಹಳ್ಳಕೊಳ್ಳಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸ ಕೆ. ಪದ್ದಯ್ಯನವರು ಆದಿಮಾನವನ ಕಲ್ಲಿನ ಆಯುಧಗಳನ್ನು ಅಗೆದು ತೆಗೆದರು. ಇಸಾಂಪುರದ ನೆಲೆಯ ಪ್ರಾಯವನ್ನು ಸುಮಾರು 12 ಲಕ್ಷ ವರ್ಷಗಳೆಂದು ಗಣಿಸಲಾಗಿದೆ. ಕೃಷ್ಣೆಯ ಆಚೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನವು ನಮ್ಮ ಸುತ್ತಿನ ಪುರಾತನ ಬರಹಗಳಲ್ಲಿ ಒಂದು. ಅದಕ್ಕೆ ಇಪ್ಪತ್ತಮೂರು ಶತಮಾನಗಳಾಗಿರಬಹುದು. ಬರಹವಿಲ್ಲದೆ ಮನುಷ್ಯನು ಈ ನೆಲದಲ್ಲಿ ಬಾಳಿದ ಕಾಲದ ಮುಂದೆ ಬರಹದ ಕಾಲ ನಿನ್ನೆ ಮೊನ್ನೆಯದು. ಮಗುವಿನ ಬಾಳಿನಲ್ಲಿಯೂ ಕಿವಿಯೇ ಹಿರಿಯಣ್ಣ. ಓದುವ ಕಣ್ಣು ಬಹಳ ತಡವಾಗಿ ಹುಟ್ಟಿದ ತಮ್ಮ. ಅಣ್ಣನನ್ನು ಬಿಟ್ಟು ತಮ್ಮನನ್ನು ಒಂಟಿಯಾಗಿ ಶಾಲೆಗೆ ಕಳುಹಿಸಿದರೆ ಅವನು ದಾರಿ ತಪ್ಪುತ್ತಾನೆ.

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕಿವುಡನೂ ತೊದಲನೂ ಆದ ಒಬ್ಬನನ್ನು ಪ್ರಭುವಿನ ಬಳಿಗೆ ಕರೆತಂದ ಪ್ರಸಂಗವಿದೆ. ಪ್ರಭು ಮಾಡಿದ್ದನ್ನು ಕ್ರಮವಾಗಿ ಗಮನಿಸಿರಿ. ಮೊದಲು ಅವನನ್ನು ಜನರ ಗುಂಪಿನಿಂದ ಪ್ರತ್ಯೇಕವಾಗಿ ಕರೆದೊಯ್ದರು. ಬಳಿಕ ತಮ್ಮ ಬೆರಳುಗಳನ್ನು ಅವನ ಕಿವಿಗಳಲ್ಲಿಟ್ಟರು. ಆಮೇಲೆ ನಾಲಗೆಯನ್ನು ಮುಟ್ಟಿದರು. ನಿಟ್ಟುಸಿರಿಟ್ಟು ‘ಎಫಥಾ’ ಎಂದರು. ತೆರೆದುಕೋ ಎಂದು ಅದರ ಅರ್ಥ. ಕಿವಿ ತೆರೆಯಿತು, ಅನಂತರ ನಾಲಗೆಯ ಕಟ್ಟು ಬಿಚ್ಚಿತು. ನಿಮ್ಮ ಮಕ್ಕಳ ಜ್ಞಾನಸ್ನಾನದ ವಿಧಿಯಲ್ಲಿಯೂ ಗುರುವು ಮೊದಲು ಕಿವಿಯನ್ನು, ಆಮೇಲೆ ಬಾಯಿಯನ್ನು ಮುಟ್ಟುತ್ತಾನೆ. ಎಷ್ಟೋ ಶಿಶುಗಳಿಗೆ ನಾನು ಹಾಗೆ ಮಾಡಿದ್ದೇನೆ. ಆದರೂ ಅಕ್ಷರ ಕಲಿಸುವಾಗ ನಾನು ಆ ಕ್ರಮವನ್ನು ತಲೆಕೆಳಗು ಮಾಡಿ ಬಾಯಿಯಿಂದ ಆರಂಭಿಸಿದ್ದೆ. ಕಿವಿ ಮುಚ್ಚಿಯೇ ಇತ್ತು.

ಇದು ನಮ್ಮ ಸಭೆಗೂ ಅಪರಿಚಿತವಾದ ಅನುಭವವಲ್ಲ. ನನ್ನ ತಂದೆಯವರು ಬಾಲ್ಯದಲ್ಲಿ ಪೂಜೆಯ ಸೇವೆಗೆ ನಿಲ್ಲುತ್ತಿದ್ದರು; ಲತೀನಿನ ಉತ್ತರಗಳೆಲ್ಲ ಅವರಿಗೆ ಕಂಠಸ್ಥವಾಗಿದ್ದವು. ಅವರ ಭಕ್ತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ತಾವು ಏನು ಹೇಳುತ್ತಿದ್ದೇವೆಂಬುದು ಅವರಿಗೆ ತಿಳಿದಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯ ಶಾಸನವನ್ನು ಹೊರಡಿಸಿ, ಜನರ ನುಡಿಯನ್ನು ಪೀಠದ ಬಳಿಗೆ ಬರಗೊಟ್ಟಿತು. ಕನ್ನಡದಲ್ಲಿ ಪೂಜೆಯನ್ನು ಮೊದಲು ಕೇಳಿದ ದಿನ ತಂದೆಯವರು ಅತ್ತರಂತೆ. ಬಾಯಿಗೆ ಬಂದದ್ದು ಅಂದು ಕಿವಿಗೂ ಬಂದಿತ್ತು.

ಹಾಗಾದರೆ ಮನೆಯಲ್ಲಿಯೂ ಧರ್ಮೋಪದೇಶದ ತರಗತಿಯಲ್ಲಿಯೂ ನಾವು ಮಾಡಬೇಕಾದುದೇನು? ಆ ಹುಡುಗನೊಂದಿಗೆ ಕಳೆದ ಸಂಜೆಗಳಲ್ಲಿ ನಾನು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಪಾಟಿಗೆ ಮುಂಚೆ ಕಿವಿ. ‘ಕುದುರೆ’ ಎಂಬ ಮಾತಿಗೆ ಎಷ್ಟು ಚಪ್ಪಾಳೆ? ‘ಅರಸ’ನಲ್ಲಿ ಮೊದಲ ಧ್ವನಿಯನ್ನು ಬಿಟ್ಟರೆ ಏನುಳಿಯಿತು? ‘ರಸ’. ‘ಬಳೆ’ ಎಂದರೇನು, ‘ಬಾಳೆ’ ಎಂದರೇನು? ‘ಹಾಲು’ ಯಾವುದು, ‘ಹಾಳು’ ಯಾವುದು? ನಿನ್ನ ಹೆಸರಿನ ಮೊದಲ ಧ್ವನಿಯಿಂದ ಆರಂಭವಾಗುವ ಇನ್ನೆರಡು ಮಾತು ಹೇಳು. ಇವು ಆಟಗಳು. ರೊಟ್ಟಿ ಬಡಿಯುವಾಗ, ಹತ್ತಿ ಬಿಡಿಸುವಾಗ, ಬಸ್ಸಿಗೆ ಕಾಯುವಾಗ ಆಡಬಹುದಾದವು.

ಎರಡನೆಯದಾಗಿ, ಅಕ್ಷರಗಳು ಕೆಲವೇ ಇರಲಿ. ಕಲಿತ ದಿನವೇ ಅವು ಮಾತಾಗಲಿ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ‘ಅ’ದಿಂದ ‘ಳ’ದವರೆಗೆ ಎಲ್ಲವನ್ನೂ ಕಲಿತ ಮೇಲೆಯೇ ಪದ ಎಂದರೆ, ಬಿತ್ತಿದವನು ಮೊಳಕೆಯನ್ನೂ ಕಾಣದೆ ವರ್ಷವಿಡೀ ಕಾಯಬೇಕಾದೀತು. ಸರಕಾರಿ ಶಾಲೆಗಳಲ್ಲಿ ‘ರ, ಗ, ಸ, ದ, ಅ’ ಎಂಬ ಐದರಿಂದ ಆರಂಭಿಸುವ ಪದ್ಧತಿ ಬಂದಿರುವುದು ಇದೇ ಕಾರಣಕ್ಕಾಗಿ. ಈ ಐದರಿಂದಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲವೂ ಹುಟ್ಟುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ‘ನಲಿ-ಕಲಿ’ಯಲ್ಲಿಯೂ ಕ್ರಮ ಇಂಥದೇ. ‘ನಮ್ಮ ಮಗನಿಗೆ ಮಾಸ್ತರರು ಅ ಆ ಇ ಈ ಸರಿಯಾಗಿ ಹೇಳಿಕೊಟ್ಟಿಲ್ಲ’ ಎಂದು ಶಾಲೆಗೆ ಹೋಗಿ ಜಗಳ ಮಾಡುವ ತಂದೆಯರು ದಯವಿಟ್ಟು ಇದನ್ನು ಅರಿತುಕೊಳ್ಳಬೇಕು.

ಮೂರನೆಯದಾಗಿ, ಗುಣಿತದಲ್ಲಿ ಧ್ವನಿ ಮೊದಲು, ಹೆಸರು ಆಮೇಲೆ. ‘ಗ’ ಮತ್ತು ‘ಗಿ’ಯನ್ನು ಪಕ್ಕಪಕ್ಕದಲ್ಲಿ ಬರೆದು, ಎರಡನ್ನೂ ಉಚ್ಚರಿಸಿ, ಕೇಳುವಾಗ ಏನು ಬದಲಾಯಿತೆಂದು ಮಗುವನ್ನೇ ಕೇಳಿರಿ. ಬಳಿಕ ‘ಸ, ಸಿ’, ‘ಮ, ಮಿ’, ‘ನ, ನಿ’. ಬದಲಾವಣೆ ಎಲ್ಲೆಡೆಯೂ ಒಂದೇ ಎಂಬುದು ಅದಕ್ಕೆ ಹೊಳೆದ ಕ್ಷಣದಲ್ಲಿ ಹೇಳಿರಿ: ಈ ಕೆಲಸ ಮಾಡುವ ಗುರುತಿಗೆ ‘ಗುಡಿಸು’ ಎಂದು ಹೆಸರು. ನಾವು ಒಂದು ಅಕ್ಷರವನ್ನು ಹಿಡಿದು ಹದಿನೈದು ರೂಪಗಳನ್ನೂ ಇಳಿಸುತ್ತೇವೆ. ಅದರ ಬದಲು ಒಂದು ಗುರುತನ್ನು ಹಿಡಿದು ಹಲವು ಅಕ್ಷರಗಳಿಗೆ ಕೊಟ್ಟು ನೋಡುವುದು ಲೇಸು. 34 ವ್ಯಂಜನಗಳನ್ನು 15ರಿಂದ ಗುಣಿಸಿದರೆ 510 ರೂಪಗಳು. ಗುರುತಿನ ಕೆಲಸವನ್ನು ಅರಿತ ಮಗು 510ನ್ನು ಕಲಿಯಬೇಕಾಗಿಲ್ಲ. 34 ಅಕ್ಷರಗಳನ್ನೂ ಹದಿನಾಲ್ಕೋ ಹದಿನೈದೋ ಗುರುತುಗಳನ್ನೂ ಕಲಿತರೆ ಸಾಕು. ಅರಿಯದ ಮಗುವಿಗೆ 510 ಬೇರೆ ಬೇರೆ ಹೊರೆಗಳು. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡದ ಮಕ್ಕಳ ಓದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಕಲಿಕೆ ಮೂರನೆಯ ನಾಲ್ಕನೆಯ ತರಗತಿಗಳವರೆಗೂ ಮುಂದುವರಿಯುತ್ತದೆಂದೂ, ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಮೂಡುತ್ತದೆಂದೂ ಕಂಡುಬಂದಿದೆ. ಆದ್ದರಿಂದ ಆತುರ ಸಲ್ಲದು.

ಹೆಸರುಗಳು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಬರೆಯುವ ಕೈಗೆ ಅವು ಬೇಕೇ ಬೇಕು. ‘ಪು’, ‘ವು’ಗಳಲ್ಲಿ ಕೊಂಬು ಬೇರೆ ಕಡೆಗಳಂತೆ ಬದಿಗೆ ನಿಲ್ಲದೆ ಅಡಿಗೆ ಬಾಗುತ್ತದೆ, ‘ವು’ ಮತ್ತು ‘ಮ’ ಮಗುವಿನ ಕಣ್ಣಿಗೆ ಅವಳಿಜವಳಿಗಳಂತೆ ತೋರುತ್ತವೆ. ಅಲ್ಲಿ ಕೊಂಬೆಂಬ ಹೆಸರು ಹಿಡಿದೇ ತಿದ್ದಬೇಕು. ಹೆಸರು ಸೇವಕನಾಗಿ ಬರಲಿ, ಯಜಮಾನನಾಗಿ ಬೇಡ ಎಂಬುದಷ್ಟೇ ನನ್ನ ಬಿನ್ನಹ.

ನಾಲ್ಕನೆಯದು ಒತ್ತಕ್ಷರ. ಇದಕ್ಕೆ ನಮ್ಮ ಭಾಷೆಯೇ ಒಂದು ಸುಲಭದ ಬಾಗಿಲನ್ನು ತೆರೆದಿಟ್ಟಿದೆ. ಅವ್ವ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅತ್ತೆ: ಮನೆಯವರೆಲ್ಲರೂ ಒತ್ತಕ್ಷರದಲ್ಲಿಯೇ ನಿಂತಿದ್ದಾರೆ. ಅವರಿಂದ ಆರಂಭಿಸಿದರೆ ಮಗುವಿಗೆ ಭಯವಾಗದು. ಕಠಿಣವಾದುವು ಆಮೇಲೆ. ನಾವು ದಿನವೂ ನುಡಿಯುವ ‘ಕ್ರಿಸ್ತ’ ಎಂಬ ನಾಮವನ್ನೇ ನೋಡಿರಿ. ಕಣ್ಣಿಗೆ ಮೊದಲು ಕಾಣುವುದು ‘ಕಿ’. ಅದರ ಬುಡದಲ್ಲಿ ‘ರ’ಕಾರದ ಒತ್ತು. ಕಿವಿಗೆ ಕೇಳುವುದು ಕ್, ರ್, ಇ ಎಂಬ ಕ್ರಮ. ಕಣ್ಣಿನ ಕ್ರಮವನ್ನು ಅನುಸರಿಸಿದ ಮಗು ‘ಕಿರಿಸ್ತ’ ಎಂದು ಓದುತ್ತದೆ. ‘ಸ್ವರ್ಗ’ ಎಂಬ ಮಾತನ್ನು ಅರ್ಕಾವತ್ತಿನಿಂದ ಬರೆದಾಗ, ‘ಗ’ದ ಮೊದಲು ಉಚ್ಚರಿಸಬೇಕಾದ ‘ರ್’ ಅದರ ಬಳಿಕ ಬಂದು ನಿಲ್ಲುತ್ತದೆ. ಆದಕಾರಣ ಪೂಜೆಯ ವಾಚನದಲ್ಲಿ ಮಗುವೊಂದು ತಡವರಿಸಿದರೆ ನಗಬೇಡಿರಿ. ನಗುವವರು ಆ ಗಂಟನ್ನು ಎಂದೋ ಬಿಚ್ಚಿ ಮರೆತವರು.

ಐದನೆಯದಾಗಿ, ಒಪ್ಪಿಸುವುದನ್ನು ಓದೆಂದು ಭ್ರಮಿಸಬೇಡಿರಿ. ಪರೀಕ್ಷಿಸುವುದು ಸುಲಭ. ಸಾಲಿನ ನಡುವಿನ ಅಕ್ಷರಕ್ಕೆ ಬೆರಳಿಟ್ಟು ಕೇಳಿರಿ. ಎಂದೂ ಕಾಣದ ಪುಟವನ್ನು ತೆರೆದು ಕೊಡಿರಿ. ಮಗು ಮೊದಲಿನಿಂದ ರಾಗ ತೆಗೆದರೆ ಅದು ಇನ್ನೂ ಓದುತ್ತಿಲ್ಲವೆಂದು ತಿಳಿಯಿರಿ. ತಿಳಿದ ಮೇಲೆ ಪ್ರಭುವಿನಂತೆ ಗುಂಪಿನಿಂದ ಪ್ರತ್ಯೇಕವಾಗಿ ಕರೆದು ಹೇಳಿಕೊಡಿರಿ. ಹತ್ತು ಜನರ ಮುಂದೆ ನಾಚಿದ ಮಗುವಿನ ಕಿವಿ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ತಾಂಡಾದಿಂದ ಬರುವ, ಮನೆಯಲ್ಲಿ ಲಂಬಾಣಿ ನುಡಿಯಾಡುವ ಮಕ್ಕಳೊಂದಿಗೂ, ಉರ್ದು ತೆಲುಗುಗಳನ್ನಾಡುವ ಮಕ್ಕಳೊಂದಿಗೂ ಈ ತಾಳ್ಮೆ ಇಮ್ಮಡಿಯಾಗಿರಬೇಕು. ಕನ್ನಡದ ಧ್ವನಿಯನ್ನು ಕೇಳುವ ಅವಕಾಶ ಅವರಿಗೆ ನಮ್ಮಷ್ಟು ದೊರೆತಿರುವುದಿಲ್ಲ.

ಈಗ ತಾಯಂದಿರಿಗೆ ಒಂದು ಮಾತು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಸಾಕ್ಷರತೆ ನೂರಕ್ಕೆ 75.36 ಇದ್ದಾಗ, ಯಾದಗಿರಿ ಜಿಲ್ಲೆಯದು 51.83 ಮಾತ್ರ ಇತ್ತು. ರಾಜ್ಯದಲ್ಲಿ ಅತ್ಯಂತ ಕಡಿಮೆ. ಆ ಅಂಕಿಯ ಹಿಂದಿರುವ ಮುಖಗಳಲ್ಲಿ ಕೆಲವು ಈ ಸಭೆಯಲ್ಲಿಯೂ ಇವೆ ಎಂಬುದನ್ನು ನಾನು ಬಲ್ಲೆ. ಆ ಹುಡುಗನ ತಾಯಿ ಬೆಂಗಳೂರಿನಿಂದ ಮರಳಿ ಬಂದಾಗ ನಾನು ಅವರನ್ನೂ ಕರೆದು ಕೂರಿಸಿ, ಮನೆಯಲ್ಲಿ ಮಗನಿಗೆ ಸ್ವಲ್ಪ ಹೇಳಿಕೊಡಬೇಕಮ್ಮಾ ಎಂದೆ. “ನಂದು ಹೆಬ್ಬಟ್ಟ್ರಿ ಫಾದರ್. ನಾ ಏನ ಕಲಸ್ಲಿ?” ಎಂದರು. ಬೆಳೆಗೂ ಬೆಲೆಗೂ ವ್ಯತ್ಯಾಸ ಗೊತ್ತೇ ಎಂದು ನಾನು ಕೇಳಿದೆ. ಅವರು ನಕ್ಕುಬಿಟ್ಟರು. “ಗೊತ್ತಿಲ್ದ ಏನ್ರಿ? ಬೆಳಿ ಬಂದ ವರ್ಷ ಬೆಲಿ ಇರಂಗಿಲ್ಲ, ಬೆಲಿ ಬಂದ ವರ್ಷ ಬೆಳಿ ಇರಂಗಿಲ್ಲ!”

ಸಹೋದರಿಯರೇ, ಅಕ್ಷರ ಬಾರದ ಆ ತಾಯಿಯ ಕಿವಿಗೆ ‘ಲ’ಕಾರ ‘ಳ’ಕಾರಗಳ ಭೇದ ಅಷ್ಟು ನಿಚ್ಚಳವಾಗಿತ್ತು. ನಾನು ಹೇಳಿದ ಮೊದಲನೆಯ ಪಾಠವಿದೆಯಲ್ಲ, ಪಾಟಿಗೆ ಮುಂಚಿನ ಕಿವಿಯ ಪಾಠ, ಅದನ್ನು ಕಲಿಸುವುದಕ್ಕೆ ಒಂದಕ್ಷರವೂ ಬರಬೇಕಾಗಿಲ್ಲ. ಹೆಸರಿನಿಂದ ಆರಂಭಿಸಬೇಕೆಂದರೆ ಅಕ್ಷರಸ್ಥರೇ ಬೇಕು. ಧ್ವನಿಯಿಂದ ಆರಂಭಿಸುವುದಾದರೆ ಎಲ್ಲ ತಾಯಂದಿರೂ ಗುರುಗಳೇ. ‘ನಮಗ ಓದು ಬರಂಗಿಲ್ಲ’ ಎಂದು ಇಷ್ಟು ದಿನ ಮಕ್ಕಳ ಪಾಟಿಯಿಂದ ದೂರ ಕುಳಿತವರು ಇಂದಿನಿಂದ ಹತ್ತಿರ ಬನ್ನಿರಿ. ದಿನಕ್ಕೆ ಕಾಲು ಗಂಟೆ ಸಾಕು.

ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸಾಲ ಮಾಡಿ ಶುಲ್ಕ ಕಟ್ಟುವ ತಂದೆಯರಿಗೂ ಇದನ್ನೇ ಹೇಳುತ್ತೇನೆ. ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ಆದರೆ ಮೂರು ವರ್ಷದ ಮಗು 26 ಅಕ್ಷರಗಳ ಹೆಸರನ್ನು ಹಾಡಿದ ಮಾತ್ರಕ್ಕೆ ‘ಇಂಗ್ಲಿಷ್ ಬಂತು’ ಎಂದು ಸಂಭ್ರಮಿಸಬೇಡಿರಿ. ಅದು ನನ್ನ ಬಹುಮಾನದಂಥದೇ ಸಂಭ್ರಮ. ತನ್ನ ನುಡಿಯಲ್ಲಿ ಧ್ವನಿಯನ್ನು ಬಿಡಿಸಿ ಕೇಳಲು ಕಲಿತ ಕಿವಿ, ಎರಡನೆಯ ನುಡಿಯಲ್ಲಿಯೂ ಅದೇ ಕೆಲಸ ಮಾಡುತ್ತದೆ.

ಆ ಹುಡುಗನಿಗೇನಾಯಿತೆಂದು ನೀವು ಕೇಳುವಿರಿ. ಏಳು ತಿಂಗಳು ಅವನೊಡನೆ ಕುಳಿತೆ. ಅಷ್ಟರಲ್ಲಿ ಅವನ ಅಜ್ಜಿ ತೀರಿಕೊಂಡರು; ತಾಯಿತಂದೆಯರು ಅವನನ್ನೂ ಕರೆದುಕೊಂಡು ಬೆಂಗಳೂರಿಗೆ ಹೋದರು. ಒತ್ತಕ್ಷರಗಳು ಅರ್ಧ ಮುಗಿದಿದ್ದವು. ಅವನು ಮುಂದೆ ಶಾಲೆಗೆ ಹೋದನೋ ಇಲ್ಲವೋ ಬಹುಕಾಲ ನನಗೆ ತಿಳಿಯಲಿಲ್ಲ. ಹಲವು ವರ್ಷಗಳ ಬಳಿಕ ಒಂದು ಕ್ರಿಸ್ಮಸ್ಸಿನ ಮುಂಜಾನೆ ನನ್ನ ಮೊಬೈಲಿಗೆ ಒಂದು ಸಂದೇಶ ಬಂದಿತು. ಅದರಲ್ಲಿ ‘ಹಬ್ಬದ ಸುಬಾಸಯ ಪಾದರ್. ಕಿವಿ’ ಎಂದಿತ್ತು. ಕೆಳಗೆ ಅವನ ಹೆಸರು.

‘ಶುಭಾಶಯ’ವನ್ನು ಅವನು ತಪ್ಪಾಗಿ ಬರೆದಿದ್ದನೆಂದು ಪರೀಕ್ಷಕರು ಕೆಂಪು ಶಾಯಿ ಹಾಕಬಹುದು. ನಾನು ಹಾಕಲಿಲ್ಲ. ನಮ್ಮ ಸೀಮೆಯ ಬಾಯಲ್ಲಿ ಆ ಮಾತು ಹೇಗೆ ನುಡಿಯುತ್ತದೋ ಹಾಗೆಯೇ ಅವನು ಬರೆದಿದ್ದ. ಯಾವ ಪುಸ್ತಕದಿಂದಲೂ ನಕಲು ಮಾಡಿದ ಅಕ್ಷರಗಳಲ್ಲ ಅವು, ಕೇಳಿ ಬರೆದವು. ಮಹಾಪ್ರಾಣವನ್ನು ನಾಳೆ ತಿದ್ದಬಹುದು. ಕೇಳುವ ಕಿವಿ ಅಂದೇ ತೆರೆದಿತ್ತು.

ನೂರು ವರ್ಷ ಈ ದೇವಾಲಯದ ಗಂಟೆ ಹೊಡೆದಿದೆ, ಕೇಳಿದವರು ಬಂದಿದ್ದಾರೆ. ಮುಂದಿನ ನೂರು ವರ್ಷಗಳಲ್ಲಿ ಇಲ್ಲಿನ ಪೀಠದ ಮುಂದೆ ನಿಂತು ಪವಿತ್ರ ಗ್ರಂಥವನ್ನು ಓದುವ ಮಕ್ಕಳು, ಯಾವ ಪುಟ ತೆರೆದರೂ ಆ ಪುಟವನ್ನೇ ಓದುವವರಾಗಲಿ. ಅದಕ್ಕಾಗಿ ಇಂದು ರಾತ್ರಿ ಮನೆಗೆ ಹೋದ ಮೇಲೆ ನಿಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಮಾತನ್ನು ನಿಧಾನವಾಗಿ ಹೇಳಿ, ಅದರ ಮೊದಲ ಧ್ವನಿ ಯಾವುದೆಂದು ಕೇಳಿರಿ. ಕಿವುಡನ ಕಿವಿಯನ್ನು ಮುಟ್ಟಿದ ಪ್ರಭು ನಿಮ್ಮ ಮಕ್ಕಳ ಕಿವಿಗಳನ್ನೂ ಮುಟ್ಟಿ ಆಶೀರ್ವದಿಸಲಿ.